ಟಂಗ್‌ಸ್ಟನ್ ಮತ್ತು ಕರೆಂಟು: ಶಾಸ್ತ್ರಮೇಳಕ್ಕೆ ಒಂದು ಪ್ರಯೋಗ, ಹಂತ ಹಂತವಾಗಿ

ಹತ್ತನೇ ತರಗತಿಯಲ್ಲಿ ಲೋಹಗಳ ಪಾಠ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಒಂದು ಧೈರ್ಯ ಬಂದಿರುತ್ತದೆ. ಅದಿರು ಕರಗಿಸಬೇಕು, ಕರೆಂಟು ಹಾಯಿಸಬೇಕು, ಲೋಹ ಬರುತ್ತದೆ. ಬಾಕ್ಸೈಟ್‌ನಿಂದ ಅಲ್ಯುಮಿನಿಯಂ ಬರುವುದು ಹಾಗೇ ಅಲ್ವಾ? ನಮ್ಮ ಕಾಸರಗೋಡಿನ ಹೊಸದುರ್ಗ, ನೀಲೇಶ್ವರ ಕಡೆಯ ಮಣ್ಣಿನಲ್ಲೇ ಬಾಕ್ಸೈಟ್ ಇದೆ ಎಂದು ಗೊತ್ತಾದರೆ ಉತ್ಸಾಹ ಇನ್ನೂ ಜಾಸ್ತಿ. ಶಾಸ್ತ್ರಮೇಳದ (ಶಾಲೆಗಳ ವಿಜ್ಞಾನ ಮೇಳದ) ತಯಾರಿ ಶುರುವಾದಾಗ ಇವರಲ್ಲೇ ಯಾರೋ ಕೇಳುತ್ತಾರೆ: ಬಲ್ಬಿನೊಳಗಿನ ಟಂಗ್‌ಸ್ಟನ್ನನ್ನೂ ಹೀಗೇ ಅದಿರಿನಿಂದ ತೆಗೆದು ತೋರಿಸಬಹುದಾ?

ನೇರವಾಗಿ ಹೇಳುತ್ತೇನೆ. ನೀರಿನ ದ್ರಾವಣದಲ್ಲಿ ಎಷ್ಟು ಹೊತ್ತು ಕರೆಂಟು ಹಾಯಿಸಿದರೂ ಶುದ್ಧ ಟಂಗ್‌ಸ್ಟನ್ ಲೋಹ ಕ್ಯಾಥೋಡಿನ, ಅಂದರೆ ನೆಗೆಟಿವ್ ವಯರ್ ಕೊಟ್ಟ ಲೋಹದ, ಮೇಲೆ ಕೂರುವುದಿಲ್ಲ. ಆದರೆ ಇದರ ಉಲ್ಟಾ ಕೆಲಸ ಬಹಳ ಚೆನ್ನಾಗಿ ಆಗುತ್ತದೆ. ಗಟ್ಟಿ ಲೋಹವನ್ನು ಕರೆಂಟಿನಿಂದ ಕರಗಿಸಿ, ಆ ದ್ರಾವಣದಿಂದ ನಿಂಬೆ ಬಣ್ಣದ ಟಂಗ್‌ಸ್ಟನ್ ಆಕ್ಸೈಡ್ ತೆಗೆಯಬಹುದು. ಅದಿರಿನಿಂದ ಲೋಹದವರೆಗಿನ ಕಾರ್ಖಾನೆಯ ದಾರಿಯಲ್ಲಿ ನಡುವಿನ ಭಾಗ ಇದೇ. ಶಾಲೆಯ ಲ್ಯಾಬಿನ ಬ್ಯಾಟರಿ ಎಲಿಮಿನೇಟರ್ (ಬ್ಯಾಟರಿಯ ಬದಲು ಕಮ್ಮಿ ವೋಲ್ಟಿನ ಕರೆಂಟು ಕೊಡುವ ಪೆಟ್ಟಿಗೆ), ಸ್ವಲ್ಪ ಕಾಸ್ಟಿಕ್ ಸೋಡ, ಒಂದು ವೆಲ್ಡಿಂಗ್ ಕಡ್ಡಿ ಇದ್ದರೆ ಸಾಕು. ಒಂದೇ ಬೀಕರಿನಲ್ಲಿ "ಆಗುವುದು" ಮತ್ತು "ಆಗದಿರುವುದು" ಎರಡನ್ನೂ ತೋರಿಸಬಹುದು. ನನ್ನ ಮಟ್ಟಿಗೆ, ಸುಮ್ನೆ ತರ್ಮೋಕೋಲಿನಲ್ಲಿ ಕಾರ್ಖಾನೆಯ ಮಾಡೆಲ್ ಮಾಡಿ ಬಣ್ಣ ಬಳಿಯುವುದಕ್ಕಿಂತ ಇದು ಎಷ್ಟೋ ಮೇಲು.

ಮೊದಲು ಅದಿರಿನ ಕಥೆ

ಟಂಗ್‌ಸ್ಟನ್ನಿಗೆ ಮುಖ್ಯವಾಗಿ ಎರಡು ಅದಿರು. ಒಂದು ಶೀಲೈಟ್, ಅಂದರೆ ಕ್ಯಾಲ್ಸಿಯಂ ಟಂಗ್‌ಸ್ಟೇಟ್. ಟಂಗ್‌ಸ್ಟೇಟ್ ಅಂದರೆ ಟಂಗ್‌ಸ್ಟನ್ನೂ ಆಕ್ಸಿಜನ್ನೂ ಕೂಡಿರುವ ಲವಣ. ಇನ್ನೊಂದು ವೋಲ್ಫ್ರಮೈಟ್, ಕಬ್ಬಿಣ ಮತ್ತು ಮ್ಯಾಂಗನೀಸ್ ಸೇರಿದ ಟಂಗ್‌ಸ್ಟೇಟ್. ಶೀಲೈಟನ್ನು ಕತ್ತಲೆಯಲ್ಲಿಟ್ಟು ಕಿರುತರಂಗದ ಅಲ್ಟ್ರಾವಯೊಲೆಟ್ ದೀಪ ಹಿಡಿದರೆ ನೀಲಿ ಬಿಳುಪಾಗಿ ಹೊಳೆಯುತ್ತದೆ. ಗಣಿಯವರು ಅದನ್ನು ಗುರುತಿಸುವುದೇ ಹಾಗೆ. ವೋಲ್ಫ್ರಮೈಟ್ ಕಪ್ಪಗೆ, ಕೈಯಲ್ಲಿ ಹಿಡಿದರೆ ಕಲ್ಲಿಗೆ ಹೆಚ್ಚೆನಿಸುವಷ್ಟು ಭಾರ.

ನಮ್ಮ ಜಿಲ್ಲೆಯಲ್ಲಿ ಇವೆರಡನ್ನೂ ಹುಡುಕಬೇಡಿ. ಇಲ್ಲಿ ಸಿಗುವುದು ಕೆಂಪುಕಲ್ಲು, ಬಾಕ್ಸೈಟ್, ಆವೆಮಣ್ಣು. ದೇಶದಲ್ಲಿ ರಾಜಸ್ಥಾನದ ಡೇಗಾನಾದಲ್ಲಿ ವೋಲ್ಫ್ರಮೈಟ್ ತೆಗೆಯುತ್ತಿದ್ದರು. ಕೋಲಾರದ ಚಿನ್ನದ ಅದಿರಿನಲ್ಲಿ ಶೀಲೈಟ್ ಕೂಡ ಸೇರಿಕೊಂಡಿತ್ತು. ಹಾಗೆಂದು ರಜೆಗೆ ಆ ಕಡೆ ಹೋದಾಗ ಕೆಜಿಎಫ್‌ನ ದಿಬ್ಬದಿಂದ ಮಣ್ಣು ತುಂಬಿಕೊಂಡು ಬರಬೇಡಿ. ಚಿನ್ನ ತೆಗೆಯಲು ಸೈನೈಡ್ ಬಳಸಿ ಎಸೆದ ಪುಡಿ ಅದು. ಮಕ್ಕಳ ಕೈಗೆ ಕೊಡುವ ವಸ್ತುವಲ್ಲ.

ಅದಿರಿನಲ್ಲಿ ಟಂಗ್‌ಸ್ಟನ್ ಇರುವುದು ಬಹಳ ಕಮ್ಮಿ. ನೂರು ಕಿಲೋ ಕಲ್ಲಿನಲ್ಲಿ ಒಂದು ಕಿಲೋ ಆಕ್ಸೈಡ್ ಇದ್ದರೆ ಅದು ಒಳ್ಳೇ ಅದಿರು. ಅದನ್ನು ಪುಡಿ ಮಾಡಿ, ಭಾರದ ವ್ಯತ್ಯಾಸದಿಂದ ಬೇರ್ಪಡಿಸಿ, ಸುಮಾರು 65 ಶೇಕಡಾ ಆಕ್ಸೈಡ್ ಇರುವ ಸಾರ ಮಾಡುತ್ತಾರೆ. ಆಮೇಲೆ ವೋಲ್ಫ್ರಮೈಟಾದರೆ ಗಾಢ ಕಾಸ್ಟಿಕ್ ಸೋಡದಲ್ಲಿ ಬೇಯಿಸುತ್ತಾರೆ. ಶೀಲೈಟಾದರೆ ವಾಷಿಂಗ್ ಸೋಡದ ಜೊತೆ ಒತ್ತಡದ ಪಾತ್ರೆಯಲ್ಲಿ 200 ಡಿಗ್ರಿ ಆಸುಪಾಸು ಬಿಸಿ ಮಾಡುತ್ತಾರೆ. ಎರಡು ದಾರಿಯೂ ಹೋಗಿ ಸೇರುವುದು ಒಂದೇ ಕಡೆಗೆ: ಸೋಡಿಯಂ ಟಂಗ್‌ಸ್ಟೇಟ್ ಎಂಬ ಬಣ್ಣವಿಲ್ಲದ ದ್ರಾವಣ.

ನಾವು ಪ್ರಯೋಗ ಶುರು ಮಾಡುವುದು ಇಲ್ಲಿಂದಲೇ. ಅದಿರಿನ ಬದಲು ಲೋಹವನ್ನು ಇಟ್ಟುಕೊಂಡು ಇದೇ ದ್ರಾವಣ ತಯಾರಿಸುತ್ತೇವೆ. ಹಳೇ ಟಂಗ್‌ಸ್ಟನ್ ಸಾಮಾನಿನಿಂದ ಹೊಸ ಟಂಗ್‌ಸ್ಟನ್ ಮಾಡುವವರೂ ಈ ದ್ರಾವಣಕ್ಕೇ ಬರಬೇಕಾಗುತ್ತದೆ. ಚಾರ್ಟಿನಲ್ಲಿ "ಅದಿರಿನಿಂದ" ಎಂದು ಬರೆಯಬೇಡಿ, "ಟಂಗ್‌ಸ್ಟನ್ ಕಡ್ಡಿಯಿಂದ" ಎಂದು ಬರೆಯಿರಿ. ಸುಳ್ಳು ಹೇಳದೆಯೇ ಇದು ಒಳ್ಳೇ ಪ್ರಯೋಗ.

ಏನೇನು ಬೇಕು

ಟಂಗ್‌ಸ್ಟನ್ನಿಗೆ ಹಳೇ ಬಲ್ಬಿನ ಫಿಲಮೆಂಟ್ ನೆನಪಾಗುತ್ತದೆ. ಆದರೆ ಅದು ತೀರಾ ಸಣ್ಣ, ಮುಟ್ಟಿದರೆ ಪುಡಿ, ತೂಕ ಮಾಡಲು ಆಗದು. ಗಾಜು ಒಡೆಯುವ ಅಪಾಯ ಬೇರೆ. ಸ್ಟೀಲ್ ಹ್ಯಾಂಡ್‌ರೈಲ್, ಗೇಟು ಮಾಡುವ ಅಂಗಡಿಗಳಲ್ಲಿ ಆರ್ಗಾನ್ ವೆಲ್ಡಿಂಗಿಗೆ ಬಳಸುವ ಕಡ್ಡಿ ಇದೆಯಲ್ಲ, ಅದು ಟಂಗ್‌ಸ್ಟನ್. ಅದೇ ನಮಗೆ ಸರಿ.

ಇಲ್ಲಿ ಒಂದು ವಿಷಯ ಕಡ್ಡಾಯವಾಗಿ ನೋಡಿ. ಈ ಕಡ್ಡಿಗಳ ತುದಿಗೆ ಬಣ್ಣ ಬಳಿದಿರುತ್ತಾರೆ. ಹಸಿರು ತುದಿ ಅಂದರೆ ಶುದ್ಧ ಟಂಗ್‌ಸ್ಟನ್. ಕೆಂಪು ತುದಿ ಅಂದರೆ ಅದರಲ್ಲಿ ಸುಮಾರು ಎರಡು ಶೇಕಡಾ ಥೋರಿಯಂ ಆಕ್ಸೈಡ್ ಇದೆ, ಥೋರಿಯಂ ವಿಕಿರಣ ಸೂಸುವ ವಸ್ತು. ವೆಲ್ಡರ್ ಅದನ್ನು ಹಿಡಿದು ಕೆಲಸ ಮಾಡುವುದು ಬೇರೆ, ನಾವು ಅದನ್ನು ಕರಗಿಸಿ ಕೆಸರು ಮಾಡಿ ಸೋಸುವುದು ಬೇರೆ. ಕೆಂಪು ಬೇಡವೇ ಬೇಡ. ಸ್ಟೀಲ್ ಕೆಲಸದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕೆಂಪೇ. ಅಂಗಡಿಯ ಅಣ್ಣ ಪ್ರೀತಿಯಿಂದ ನಾಲ್ಕು ತುಂಡು ಕಡ್ಡಿ ಕೈಗಿತ್ತರೂ ತುದಿಯ ಬಣ್ಣ ಸವೆದು ಹೋಗಿದ್ದರೆ ತರಬೇಡಿ. ವೆಲ್ಡಿಂಗ್ ಸಾಮಾನಿನ ಅಂಗಡಿಯಿಂದ 1.6 ಮಿಲಿಮೀಟರ್ ದಪ್ಪದ ಹಸಿರು ತುದಿಯ ಹೊಸ ಕಡ್ಡಿ ಒಂದು ತನ್ನಿ. ಒಂದೇ ಕಡ್ಡಿ ಎಷ್ಟೋ ಪ್ರಯೋಗಕ್ಕೆ ಆಗುತ್ತದೆ.

ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕೊಯ್ಯುವ ಮಿಷನ್ನಿನ ಬ್ಲೇಡಿಗೆ ಗಟ್ಟಿ ಬಿಟ್ಟುಗಳನ್ನು (ಕೊಯ್ಯುವ ಹಲ್ಲುಗಳನ್ನು) ಹಚ್ಚಿರುತ್ತಾರೆ. ಅದೂ ಟಂಗ್‌ಸ್ಟನ್ನೇ ಅಲ್ವಾ ಎಂದು ಕೆಲವರು ಕೇಳಬಹುದು. ಅದು ಟಂಗ್‌ಸ್ಟನ್ ಕಾರ್ಬೈಡ್. ಕಾರ್ಬೈಡಿನ ಕಣಗಳನ್ನು ಕೋಬಾಲ್ಟ್ ಲೋಹ ಅಂಟಿನಂತೆ ಹಿಡಿದಿರುತ್ತದೆ. ಅದನ್ನು ಕರಗಿಸುವುದು ಶಾಲೆಯ ಕೆಲಸವಲ್ಲ. ಕೋಬಾಲ್ಟ್ ಅಡ್ಡ ಬರುತ್ತದೆ, ಬೆಸುಗೆಯ ಲೋಹವೂ ಕರಗಿ ಸೇರಿಕೊಳ್ಳುತ್ತದೆ. ಗ್ರೈಂಡರಿಗೆ ಹಿಡಿದು ಪುಡಿ ಮಾಡುವುದಂತೂ ಕೂಡದು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ಕಾಯಿಲೆ. ಆದರೆ ಸವೆದ ಒಂದು ಬಿಟ್ಟನ್ನು ತಂದು ಮೇಜಿನ ಮೇಲೆ ಪ್ರದರ್ಶನಕ್ಕಿಡಿ. ನಮ್ಮೂರ ಪ್ರತಿ ಮನೆಯ ಗೋಡೆಯ ಕಲ್ಲನ್ನು ಕೊಯ್ದದ್ದು ಈ ಲೋಹ ಎಂದು ಹೇಳಿದರೆ ನೋಡಲು ಬಂದವರು ನಿಲ್ಲುತ್ತಾರೆ.

ಉಳಿದದ್ದು ಸುಲಭ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಕಾಸ್ಟಿಕ್ ಸೋಡ, ಹೈಡ್ರೋಕ್ಲೋರಿಕ್ ಆಸಿಡ್, ಒಂದು ಸ್ಟೀಲ್ ಚಮಚ, ಬ್ಯಾಟರಿ ಎಲಿಮಿನೇಟರ್, ಅಮ್ಮೀಟರ್, ಕರೆಂಟು ಹೆಚ್ಚು ಕಮ್ಮಿ ಮಾಡುವ ರಿಯೋಸ್ಟಾಟ್, ಬೀಕರು, ಫಿಲ್ಟರ್ ಪೇಪರ್. ಚಿನ್ನದ ಕೆಲಸದವರು ಬಳಸುವಂಥ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು. ಕಾಸ್ಟಿಕ್ ಸೋಡ ಕಣ್ಣಿಗೆ ಬಿದ್ದರೆ ಆಸಿಡ್ಡಿಗಿಂತ ಕೆಟ್ಟದು. ಬಿದ್ದರೆ ತಕ್ಷಣ ನಲ್ಲಿಯ ಕೆಳಗೆ ಕಣ್ಣು ಹಿಡಿದು ಕನಿಷ್ಠ ಹದಿನೈದು ನಿಮಿಷ ತೊಳೆಯಬೇಕು, ಆಮೇಲೆ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಟೀಚರ್ ಅಥವಾ ಮಾಸ್ಟ್ರು ಪಕ್ಕದಲ್ಲಿಲ್ಲದೆ ಶುರು ಮಾಡಬೇಡಿ.

ಹಂತ 1: ಕರಗಿಸುವುದು

ಬೀಕರಿನಲ್ಲಿ 50 ಮಿ.ಲೀ. ನೀರು ತೆಗೆದುಕೊಳ್ಳಿ. ಅದಕ್ಕೆ 2 ಗ್ರಾಂ ಕಾಸ್ಟಿಕ್ ಸೋಡ ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ. ನೀರಿಗೆ ಸೋಡ ಹಾಕಬೇಕು, ಸೋಡದ ಮೇಲೆ ನೀರು ಸುರಿಯಬಾರದು. ಬೀಕರ್ ಬಿಸಿಯಾಗುತ್ತದೆ, ತಣಿಯಲು ಬಿಡಿ.

ಕಡ್ಡಿಯನ್ನೂ ಚಮಚವನ್ನೂ ಒರೆಸಿ, ಬೇರೆ ಬೇರೆ ತೂಗಿ ಬರೆದಿಡಿ. ಚಮಚದ ತೂಕವೂ ಮುಖ್ಯ, ಮರೆಯಬೇಡಿ. ಕಡ್ಡಿ ದ್ರಾವಣದಲ್ಲಿ ಸುಮಾರು ಮೂರು ಸೆಂಟಿಮೀಟರ್ ಮುಳುಗಿರಲಿ. ಅದಕ್ಕೆ ಪಾಸಿಟಿವ್ ವಯರ್. ಚಮಚದ ಹಿಡಿ ಎದುರು ಬದಿಯಲ್ಲಿ ಮುಳುಗಿರಲಿ, ಅದಕ್ಕೆ ನೆಗೆಟಿವ್. ಕ್ಲಿಪ್ಪುಗಳು ದ್ರಾವಣಕ್ಕೆ ತಾಗಕೂಡದು, ತಾಗಿದರೆ ಕ್ಲಿಪ್ಪಿನ ಲೋಹವೂ ಕರಗಿ ಎಲ್ಲ ಗೋಜಲು. ಸ್ಟೀಲ್ ಚಮಚದ ಬದಲು ಅಲ್ಯುಮಿನಿಯಂ ತುಂಡು ಬಳಸಬೇಡಿ, ಅದನ್ನು ಕಾಸ್ಟಿಕ್ ಸೋಡ ತಾನೇ ತಿಂದುಬಿಡುತ್ತದೆ. ಉಪ್ಪನ್ನೂ ಹಾಕಬೇಡಿ. ಉಪ್ಪು ಹಾಕಿದರೆ ಕರೆಂಟು ಚೆನ್ನಾಗಿ ಹರಿಯುತ್ತದೆ ಎಂದು ಯಾರಾದರೂ ಹೇಳಬಹುದು. ಆದರೆ ಕ್ಲೋರಿನ್ ಹುಟ್ಟುವ ಅಪಾಯವಿದೆ, ಇಲ್ಲಿ ಅದರ ಅಗತ್ಯವೂ ಇಲ್ಲ.

ಎಲಿಮಿನೇಟರನ್ನು 6 ವೋಲ್ಟಿಗೆ ಇಟ್ಟು, ರಿಯೋಸ್ಟಾಟ್ ತಿರುಗಿಸಿ ಅಮ್ಮೀಟರ್ 0.3 ಆಂಪಿಯರ್ ತೋರಿಸುವಂತೆ ಮಾಡಿ. ಗೋಡೆಯ ಪ್ಲಗ್ಗಿನಿಂದ ನೇರ ವಯರ್ ಎಳೆಯುವ ಯೋಚನೆಯನ್ನೂ ಮಾಡಬೇಡಿ.

ಈಗ ಹತ್ತಿರದಿಂದ ನೋಡಿ. ಚಮಚದಿಂದ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಅದು ಹೈಡ್ರೋಜನ್. ಕಡ್ಡಿಯಲ್ಲಿ ಗುಳ್ಳೆ ಇಲ್ಲವೆನ್ನುವಷ್ಟು ಕಮ್ಮಿ. ಎರಡೂ ಕಡೆ ಗುಳ್ಳೆ ಜೋರಾಗಿ ಬಂದರೆ ವಯರ್ ಉಲ್ಟಾ ಆಗಿದೆ ಎಂದರ್ಥ, ಬದಲಿಸಿ. ಬೀಕರಿನ ಹಿಂದೆ ಒಂದು ಬಿಳಿ ಕಾಗದ ಹಿಡಿದು, ಪಕ್ಕದಿಂದ ಟಾರ್ಚ್ ಬಿಡಿ. ಕಡ್ಡಿಯಿಂದ ತೆಳ್ಳಗೆ ಏನೋ ಕೆಳಕ್ಕೆ ಜಾರುತ್ತಿರುವುದು ಕಾಣುತ್ತದೆ, ನೀರಿನಲ್ಲಿ ಕಲ್ಲುಸಕ್ಕರೆ ಕರಗುವಾಗ ಕಾಣುವ ಅಲೆಯ ಹಾಗೆ. ಕರಗಿದ ಟಂಗ್‌ಸ್ಟೇಟ್ ಅದು. ದ್ರಾವಣಕ್ಕಿಂತ ಭಾರವಾದ್ದರಿಂದ ಕಡ್ಡಿಯನ್ನೇ ಸವರಿಕೊಂಡು ತಳಕ್ಕೆ ಇಳಿಯುತ್ತದೆ.

ಹೀಗೆ ಇಳಿಯುವುದರಿಂದ ಒಂದು ವಿಚಿತ್ರ ಆಗುತ್ತದೆ. ಕಡ್ಡಿಯ ಕೆಳಭಾಗವನ್ನು ಈ ಟಂಗ್‌ಸ್ಟೇಟ್ ಸುತ್ತಿಕೊಂಡು ಕಾಪಾಡುತ್ತದೆ, ನೀರಿನ ಮೇಲ್ಮೈಗೆ ಹತ್ತಿರದ ಭಾಗ ಬೇಗ ಕರಗುತ್ತದೆ. ತುಂಬಾ ಹೊತ್ತು ಬಿಟ್ಟರೆ ಅಲ್ಲಿ ಸೊಂಟದಂತೆ ಸಣ್ಣಗಾಗಿ, ಕೊನೆಗೆ ಕೆಳಗಿನ ತುಂಡು ಕಳಚಿ ಬೀಳುತ್ತದೆ. ಮುರಿದ ಜಾಗ ಸೂಜಿಗಿಂತ ಚೂಪಾಗಿರುತ್ತದೆ. ಅಣುಗಳ ಮಟ್ಟದಲ್ಲಿ ಮೇಲ್ಮೈಯನ್ನು ನೋಡುವ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪಿನ ಸೂಜಿಯನ್ನು ಪ್ರಯೋಗಾಲಯಗಳಲ್ಲಿ ತಯಾರಿಸುವುದು ಇದೇ ರೀತಿ, ಕಾಸ್ಟಿಕ್ ಸೋಡದಲ್ಲಿ ತೆಳ್ಳನೆಯ ಟಂಗ್‌ಸ್ಟನ್ ತಂತಿ ಇಳಿಬಿಟ್ಟು! ನಮಗೆ ಸೂಜಿ ಬೇಡ, ಕಡ್ಡಿ ಸಮನಾಗಿ ಕರಗಬೇಕು. ಹಾಗಾಗಿ ಆಗಾಗ ಗಾಜಿನ ಕಡ್ಡಿಯಿಂದ ಮೆಲ್ಲಗೆ ಕಲಕುತ್ತಿರಿ.

ಒಂದು ಗಂಟೆ ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರಬಾರದು. ಹುಟ್ಟುವ ಹೈಡ್ರೋಜನ್ ಒಟ್ಟು ಅರ್ಧ ಗ್ಲಾಸಿನಷ್ಟು, ಆದರೂ ಮುಚ್ಚಳ ಹಾಕಿ ತುಂಬಿಡಬೇಡಿ.

ಒಂದು ಗಂಟೆಯ ನಂತರವೂ ದ್ರಾವಣ ಹಾಗೇ ನೀರಿನಂತೆ ತಿಳಿಯಾಗಿರುತ್ತದೆ. ಮಕ್ಕಳಿಗೆ ನಿರಾಸೆ ಆಗುವುದು ಇಲ್ಲೇ. ಏನೂ ಆಗಿಲ್ಲ ಎಂದುಕೊಂಡು ಚೆಲ್ಲಿಬಿಡುತ್ತಾರೆ. ಚೆಲ್ಲಬೇಡಿ, ತಕ್ಕಡಿಗೆ ಹೋಗಿ.

ಹಂತ 2: ತೂಕ ಮತ್ತು ಲೆಕ್ಕ

ಕಡ್ಡಿಯನ್ನು ತೊಳೆದು ಒರೆಸಿ ತೂಗಿ. ಸುಮಾರು 0.34 ಗ್ರಾಂ ಕಮ್ಮಿಯಾಗಿರಬೇಕು. ಇದು ಎಲ್ಲಿಂದ ಬಂತು? ಟಂಗ್‌ಸ್ಟನ್ನಿನ ಪರಮಾಣು ದ್ರವ್ಯರಾಶಿ 183.84. ಒಂದೊಂದು ಪರಮಾಣು ಕರಗುವಾಗ ಆರು ಇಲೆಕ್ಟ್ರಾನ್ ಬಿಡುತ್ತದೆ. 183.84ನ್ನು ಆರರಿಂದ ಭಾಗಿಸಿದರೆ 30.64. ಒಂದು ಫ್ಯಾರಡೆ, ಅಂದರೆ 96,485 ಕೂಲಂಬ್ ಹಾಯಿಸಿದರೆ ಇಷ್ಟು ಗ್ರಾಂ ಕರಗುತ್ತದೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 3,600 ಕೂಲಂಬ್. ಆ ಲೆಕ್ಕದಲ್ಲಿ 1.14 ಗ್ರಾಂ. ನಾವು ಹಾಯಿಸಿದ್ದು 0.3 ಆಂಪಿಯರ್, ಹಾಗಾಗಿ 0.34 ಗ್ರಾಂ. ಕರೆಂಟು ನಡುವೆ ಏರಿಳಿದಿದ್ದರೆ ಐದೈದು ನಿಮಿಷಕ್ಕೊಮ್ಮೆ ಅಮ್ಮೀಟರ್ ನೋಡಿ ಬರೆದು ಸರಾಸರಿ ತೆಗೆಯಿರಿ. ಆ ಪಟ್ಟಿ ಇರುವ ಪುಸ್ತಕವನ್ನು ಮೇಳಕ್ಕೂ ಒಯ್ಯಿರಿ, ಹಸ್ತಾಕ್ಷರ ಚೆನ್ನಾಗಿಲ್ಲದಿದ್ದರೂ ಪರವಾಗಿಲ್ಲ.

ಈಗ ಚಮಚ ತೂಗಿ. ಮೊದಲಿದ್ದ ತೂಕವೇ ಇರುತ್ತದೆ. ಇಡೀ ಪ್ರಯೋಗದ ಸಾರ ಈ ಒಂದು ತೂಕದಲ್ಲಿದೆ. ಟಂಗ್‌ಸ್ಟನ್ ದ್ರಾವಣದೊಳಗೆ ಇದೆ, ಕಡ್ಡಿ ಸವೆದದ್ದು ಅದಕ್ಕೆ ಸಾಕ್ಷಿ. ಚಮಚ ಅದೇ ದ್ರಾವಣದಲ್ಲಿ ಒಂದು ಗಂಟೆ ಕ್ಯಾಥೋಡ್ ಆಗಿ ನಿಂತಿತ್ತು. ಆದರೂ ಅದರ ಮೇಲೆ ಟಂಗ್‌ಸ್ಟನ್ ಕೂರಲಿಲ್ಲ, ಬಂದದ್ದು ಬರೀ ಹೈಡ್ರೋಜನ್.

ಇದನ್ನು ಇನ್ನೂ ಗಟ್ಟಿಯಾಗಿ ತೋರಿಸಬೇಕಾದರೆ ಮೈಲುತುತ್ತಿನ ದ್ರಾವಣದ ಇನ್ನೊಂದು ಬೀಕರ್ ಇಡಿ, ಎರಡು ತಾಮ್ರದ ತಗಡು ಮುಳುಗಿಸಿ, ಅದನ್ನು ಟಂಗ್‌ಸ್ಟನ್ ಬೀಕರಿನ ಜೊತೆ ಸರಣಿಯಲ್ಲಿ ಜೋಡಿಸಿ. ಎರಡರಲ್ಲೂ ಹರಿಯುವುದು ಒಂದೇ ಕರೆಂಟು. ಅಲ್ಲಿ ನೆಗೆಟಿವ್ ತಗಡು ಸುಮಾರು 0.36 ಗ್ರಾಂ ಹೆಚ್ಚುತ್ತದೆ. ಇಲ್ಲಿ ಚಮಚ ಸೊನ್ನೆ. ಜೊತೆಗೆ ಇನ್ನೊಂದು ಸ್ವಾರಸ್ಯವಿದೆ: ಟಂಗ್‌ಸ್ಟನ್ ಪರಮಾಣು ತಾಮ್ರಕ್ಕಿಂತ ಸುಮಾರು ಮೂರು ಪಟ್ಟು ಭಾರ, ಆದರೆ ಬಿಡುವ ಇಲೆಕ್ಟ್ರಾನೂ ಮೂರು ಪಟ್ಟು. ಹಾಗಾಗಿ ಕರಗಿದ ಟಂಗ್‌ಸ್ಟನ್ನೂ ಕೂತ ತಾಮ್ರವೂ ಹೆಚ್ಚು ಕಮ್ಮಿ ಒಂದೇ ತೂಕ. ಫ್ಯಾರಡೆಯ ನಿಯಮವನ್ನು ಬಾಯಿಪಾಠ ಮಾಡಿದ ಮಗುವಿಗೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ನೋಡಿದಾಗಲೇ ಅದು ತಲೆಗೆ ಇಳಿಯುವುದು.

ಯಾಕೆ ಕೂರುವುದಿಲ್ಲ?

ತಾಮ್ರ ದ್ರಾವಣದಲ್ಲಿ ಒಂಟಿ ಅಯಾನಾಗಿ ಓಡಾಡುತ್ತದೆ. ಎರಡು ಇಲೆಕ್ಟ್ರಾನ್ ಸಿಕ್ಕರೆ ಸಾಕು, ಲೋಹ. ಟಂಗ್‌ಸ್ಟನ್ ಹಾಗಲ್ಲ. ನಾಲ್ಕು ಆಕ್ಸಿಜನ್ ಅದನ್ನು ಸುತ್ತುವರಿದು ಬಿಗಿಯಾಗಿ ಹಿಡಿದಿರುತ್ತವೆ. ಆರು ಇಲೆಕ್ಟ್ರಾನ್ ಕೊಟ್ಟು, ನಾಲ್ಕೂ ಆಕ್ಸಿಜನ್ ಕಿತ್ತು ತೆಗೆಯುವಷ್ಟರಲ್ಲಿ ಪಕ್ಕದ ನೀರು ಅದೇ ಇಲೆಕ್ಟ್ರಾನ್‌ಗಳನ್ನು ತೆಗೆದುಕೊಂಡು ಹೈಡ್ರೋಜನ್ ಆಗಿ ಹೋಗಿಬಿಡುತ್ತದೆ. ವೋಲ್ಟೇಜ್ ಹೆಚ್ಚಿಸಿದರೆ ಗುಳ್ಳೆ ಹೆಚ್ಚುತ್ತದೆ, ಅಷ್ಟೇ.

ನಿಕ್ಕಲ್, ಕಬ್ಬಿಣ ಅಥವಾ ಕೋಬಾಲ್ಟ್ ಲವಣವನ್ನು ಸಿಟ್ರೇಟ್ ಜೊತೆ ಸೇರಿಸಿದರೆ ಮಾತ್ರ ಟಂಗ್‌ಸ್ಟನ್ ಆ ಲೋಹದ ಜೊತೆಗೂಡಿ ಮಿಶ್ರಲೋಹವಾಗಿ ಕೂರುತ್ತದೆ. ಒಂಟಿಯಾಗಿ ಬಾರದ್ದು ಜೊತೆಯಲ್ಲಿ ಬರುತ್ತದೆ. ಆ ಲೇಪ ತುಂಬಾ ಗಟ್ಟಿ. ನಿಕ್ಕಲ್ ಲವಣ ವಿಷ, ಹಾಗಾಗಿ ಅದು ಕಾಲೇಜಿನ ಲ್ಯಾಬಿಗಿರಲಿ.

ನೀರನ್ನೇ ಬಿಟ್ಟುಬಿಟ್ಟರೆ? ಅಲ್ಯುಮಿನಿಯಂನವರು ಮಾಡಿದ್ದು ಅದನ್ನೇ. ಕ್ರಯೊಲೈಟ್ ಎಂಬ ಖನಿಜವನ್ನು ಕರಗಿಸಿ, ಅದರಲ್ಲಿ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಹಾಕಿ ಸುಮಾರು 960 ಡಿಗ್ರಿಯಲ್ಲಿ ಕರೆಂಟು ಹಾಯಿಸುತ್ತಾರೆ. 1886ರಲ್ಲಿ ಕಂಡುಹಿಡಿದ ಉಪಾಯ, ಇವತ್ತಿಗೂ ಅದೇ ನಡೆಯುತ್ತಿದೆ. ಟಂಗ್‌ಸ್ಟನ್ನನ್ನೂ ಹೀಗೆ ಕಾಯಿಸಿ ಕರಗಿಸಿದ ಲವಣಗಳಿಂದ ತೆಗೆಯಬಹುದು. 1950ರ ದಶಕದಲ್ಲಿ ಅಮೆರಿಕದ ಗಣಿ ಇಲಾಖೆಯವರು ಬೋರಾಕ್ಸ್, ಫಾಸ್ಫೇಟ್, ಉಪ್ಪು ಸೇರಿದ ಕರಗಿದ ಮಿಶ್ರಣಕ್ಕೆ ಶೀಲೈಟ್ ಹಾಕಿ ಲೋಹದ ಪುಡಿ ತೆಗೆದಿದ್ದರು. ಅಂದರೆ "ಅದಿರಿನಿಂದ ಎಲೆಕ್ಟ್ರೋಲಿಸಿಸ್ ಮೂಲಕ ಟಂಗ್‌ಸ್ಟನ್" ಎಂಬುದು ಸುಳ್ಳಲ್ಲ. ಆದರೆ ಕೆಂಪಗೆ ಕಾದ ದ್ರವದ ಕೆಲಸ ಅದು. ಕಾರ್ಖಾನೆಗಳು ಅದನ್ನು ಹಿಡಿದು ಮುಂದುವರಿಯಲಿಲ್ಲ, ಯಾಕೆಂದರೆ ಆಕ್ಸೈಡಿನ ಮೇಲೆ ಹೈಡ್ರೋಜನ್ ಹಾಯಿಸಿ ಲೋಹ ತೆಗೆಯುವ ದಾರಿ (ಅದನ್ನು ಮುಂದೆ ಹೇಳುತ್ತೇನೆ) ಆಗಲೇ ಚೆನ್ನಾಗಿ ನಡೆಯುತ್ತಿತ್ತು.

ಒಂದು ವ್ಯತ್ಯಾಸ ಗಮನಿಸಿ. ಅಲ್ಯುಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಹಾಗಾಗಿ ದ್ರವವಾಗಿ ತಳಕ್ಕಿಳಿದು ನಿಲ್ಲುತ್ತದೆ, ಬಸಿದುಕೊಂಡರಾಯಿತು. ಟಂಗ್‌ಸ್ಟನ್ ಕರಗಬೇಕಾದರೆ 3,422 ಡಿಗ್ರಿ ಬೇಕು. ಅದು ಪುಡಿಯಾಗಿ ಲವಣದ ಜೊತೆ ಅಂಟಿಕೊಂಡೇ ಬರುತ್ತದೆ. ತೊಳೆದು ಬೇರ್ಪಡಿಸುವ ಕೆಲಸ ಬಾಕಿ.

ಹಂತ 3: ಹಳದಿ ತೆಗೆಯುವುದು

ಈ ಹಂತವನ್ನು ದೊಡ್ಡವರೇ ಮಾಡಬೇಕು, ಮಕ್ಕಳು ದೂರ ನಿಂತು ನೋಡಲಿ. ಆಸಿಡ್ಡಿನ ಹೊಗೆ ಬರುವುದರಿಂದ ಜಗಲಿಯಲ್ಲೋ ತೆರೆದ ಕಿಟಕಿಯ ಪಕ್ಕದಲ್ಲೋ ಮಾಡಿ.

ಕರಗಿಸಿದ ದ್ರಾವಣವನ್ನು ಒಮ್ಮೆ ಸೋಸಿ ಇಟ್ಟುಕೊಳ್ಳಿ. ಇನ್ನೊಂದು ಬೀಕರಿನಲ್ಲಿ 15 ಮಿ.ಲೀ. ನೀರಿಗೆ 15 ಮಿ.ಲೀ. ಗಾಢ ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿ, ಕುದಿಯದಂತೆ ಬಿಸಿ ಮಾಡಿ. ಈಗ ಟಂಗ್‌ಸ್ಟೇಟ್ ದ್ರಾವಣವನ್ನು ಡ್ರಾಪರಿನಿಂದ ಹನಿ ಹನಿಯಾಗಿ ಬಿಸಿ ಆಸಿಡ್ಡಿಗೆ ಬಿಡಿ, ಕಲಕುತ್ತಾ ಇರಿ. ಕ್ಷಾರ ಉಳಿದಿರುವುದರಿಂದ ಪ್ರತಿ ಹನಿಗೂ ಇನ್ನಷ್ಟು ಕಾವು ಹುಟ್ಟುತ್ತದೆ, ಅವಸರ ಬೇಡ.

ಇದೇ ಕ್ರಮ ಇರಲಿ: ದ್ರಾವಣವನ್ನು ಆಸಿಡ್ಡಿಗೆ, ಆಸಿಡ್ಡನ್ನು ದ್ರಾವಣಕ್ಕಲ್ಲ. ಆಸಿಡ್ಡನ್ನು ಸ್ವಲ್ಪ ಸ್ವಲ್ಪ ಹಾಕುತ್ತಾ ಬಂದರೆ ಟಂಗ್‌ಸ್ಟೇಟ್‌ಗಳು ಒಂದಕ್ಕೊಂದು ಕೈ ಹಿಡಿದು ದೊಡ್ಡ ಗುಂಪುಗಳಾಗಿ ನೀರಿನಲ್ಲೇ ಉಳಿದುಬಿಡುತ್ತವೆ, ಪುಡಿ ಇಳಿಯುವುದಿಲ್ಲ. ಆಸಿಡ್ ತಣ್ಣಗಿದ್ದರೆ ಬಿಳೀ ಲೋಳೆಯಂಥದ್ದು ಬರುತ್ತದೆ. ಬಿಸಿಯಾಗಿದ್ದರೆ ಹಳದಿ. ಮೊದಲ ಹನಿಗಳು ಬೆಳ್ಳಗೆ ಕದಡುತ್ತವೆ, ಬಿಸಿ ಮುಂದುವರಿಸಿದರೆ ನೋಡುತ್ತಿದ್ದಂತೆ ಹಳದಿಗೆ ತಿರುಗುತ್ತವೆ. ಇದು ಟಂಗ್‌ಸ್ಟಿಕ್ ಆಸಿಡ್. ನೀರಿನಂತಿದ್ದ ದ್ರಾವಣದಿಂದ ಈ ಬಣ್ಣ ಬಂದಾಗ ತರಗತಿಯಲ್ಲಿ ಏಳುವ ಸದ್ದನ್ನು ನೀವೇ ಕೇಳಬೇಕು.

ರಾತ್ರಿಯಿಡೀ ಬಿಡಿ, ಪುಡಿ ತಳಕ್ಕೆ ಕೂರಲಿ. ಮೇಲಿನ ನೀರನ್ನು ಬಸಿದು, ಉಳಿದದ್ದನ್ನು ಸೋಸಿ. ತೊಳೆಯುವ ನೀರಿಗೆ ನಾಲ್ಕಾರು ಹನಿ ಆಸಿಡ್ ಹಾಕಿರಿ. ಬರೀ ನೀರಿನಲ್ಲಿ ತೊಳೆದರೆ ಪುಡಿ ತೀರಾ ನುಣ್ಣಗಾಗಿ ಫಿಲ್ಟರ್ ಪೇಪರಿನಿಂದಲೇ ಹಾದು ಕೆಳಗಿಳಿಯುತ್ತದೆ, ಕೈಗೆ ಬಂದದ್ದು ಹೋಗುತ್ತದೆ.

ಒಣಗಿದ ಪುಡಿಯನ್ನು ಪಿಂಗಾಣಿ ಮೂಸೆಯಲ್ಲಿ ಹಾಕಿ ಬರ್ನರಿನ ಮೇಲೆ ಚೆನ್ನಾಗಿ ಕಾಯಿಸಿ. ನೀರು ಹೋಗಿ ಟಂಗ್‌ಸ್ಟನ್ ಟ್ರೈಆಕ್ಸೈಡ್ ಉಳಿಯುತ್ತದೆ. ಕಾದಿರುವಾಗ ಕಿತ್ತಳೆ ಬಣ್ಣ, ತಣಿದಾಗ ಮತ್ತೆ ನಿಂಬೆ ಹಳದಿ. ಸ್ವಲ್ಪ ಹಸಿರು ಛಾಯೆ ಬಂದರೆ ಹೆದರಬೇಡಿ, ಪೇಪರಿನ ಚೂರೋ ಧೂಳೋ ಸುಟ್ಟು ಆಕ್ಸಿಜನ್ ಕಸಿದುಕೊಂಡಿದೆ ಅಷ್ಟೇ. ಗಾಳಿಯಾಡುವಂತೆ ಇನ್ನಷ್ಟು ಕಾಯಿಸಿದರೆ ಸರಿಹೋಗುತ್ತದೆ. 0.34 ಗ್ರಾಂ ಲೋಹಕ್ಕೆ 0.43 ಗ್ರಾಂ ಆಕ್ಸೈಡ್ ಸಿಗಬೇಕು. ಸೋಸುವಾಗ, ವರ್ಗಾಯಿಸುವಾಗ ಸ್ವಲ್ಪ ನಷ್ಟ ಇದ್ದೇ ಇರುತ್ತದೆ. ಸಿಕ್ಕಿದ್ದನ್ನು ಸಿಕ್ಕಷ್ಟೇ ಎಂದು ಬರೆಯಿರಿ. 0.43 ಬರಲಿ ಎಂದು ಅಂಕಿ ತಿದ್ದುವುದು ಬೇಡ.

ಹಂತ 4: ನೀಲಿ

ಇದು ಚಿಕ್ಕದು, ಆದರೆ ಜನ ನಿಂತು ನೋಡುತ್ತಾರೆ. ಟೆಸ್ಟ್ ಟ್ಯೂಬಿನಲ್ಲಿ ಚಿಟಿಕೆ ಹಳದಿ ಟಂಗ್‌ಸ್ಟಿಕ್ ಆಸಿಡ್ (ಕಾಯಿಸುವ ಮೊದಲಿನದ್ದು ಒಳ್ಳೆಯದು), ಸ್ವಲ್ಪ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್, ಒಂದು ತುಂಡು ಸತು ಹಾಕಿ. ಗುಳ್ಳೆ ಏಳುತ್ತಿದ್ದಂತೆ ಹಳದಿ ಪುಡಿ ಗಾಢ ನೀಲಿಯಾಗುತ್ತದೆ. ಸತು ಕೊಟ್ಟ ಇಲೆಕ್ಟ್ರಾನ್‌ಗಳಿಂದ ಟಂಗ್‌ಸ್ಟನ್ ಒಂದು ಹೆಜ್ಜೆ ಲೋಹದ ಕಡೆಗೆ ಬಂದಿದೆ, ಪೂರ್ತಿ ಬಂದಿಲ್ಲ. ನೀಲಿಯಲ್ಲೇ ನಿಲ್ಲುತ್ತದೆ. ಚಮಚದ ತೂಕ ಹೇಳಿದ್ದನ್ನೇ ಇದು ಬಣ್ಣದಲ್ಲಿ ಹೇಳುತ್ತದೆ.

ಲೋಹದವರೆಗೆ ಉಳಿದ ದಾರಿ

ಹಳದಿ ಆಕ್ಸೈಡಿನಿಂದ ಲೋಹ ಪಡೆಯಲು ಅದರ ಮೇಲೆ 700ರಿಂದ 1,000 ಡಿಗ್ರಿಯಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ. ಆಕ್ಸಿಜನ್ ನೀರಾವಿಯಾಗಿ ಹೋಗಿ ಬೂದು ಬಣ್ಣದ ಪುಡಿ ಉಳಿಯುತ್ತದೆ. ಶಾಲೆಯಲ್ಲಿ ಇದನ್ನು ಮಾಡಬೇಡಿ. ಕಾದ ನಳಿಕೆ, ಹೈಡ್ರೋಜನ್, ಅದರಲ್ಲಿ ಸ್ವಲ್ಪ ಗಾಳಿ ಸೇರಿದರೆ ಸ್ಫೋಟ. 1783ರಲ್ಲಿ ಸ್ಪೇನಿನ ಎಲುಯಾರ್ ಸಹೋದರರು ಮೊದಲ ಬಾರಿಗೆ ಈ ಲೋಹ ತೆಗೆದದ್ದು ಇದ್ದಿಲಿನ ಪುಡಿಯ ಜೊತೆ ಕಾಯಿಸಿ. ಇದ್ದಿಲು ಬಳಸಿದರೆ ಲೋಹದಲ್ಲಿ ಇಂಗಾಲ ಉಳಿದು ಕಾರ್ಬೈಡ್ ಆಗಿಬಿಡುವ ತೊಂದರೆ ಇದೆ, ಹೈಡ್ರೋಜನ್ನಿಗೆ ಆ ತೊಂದರೆ ಇಲ್ಲ.

ಪುಡಿಯನ್ನು ಕರಗಿಸಿ ಎರಕ ಹೊಯ್ಯಲು ಅದಕ್ಕೆ ತಕ್ಕ ಮೂಸೆಯೇ ಸಿಗುವುದಿಲ್ಲ. ಹಾಗಾಗಿ ಪುಡಿಯನ್ನು ಒತ್ತಿ ಸಲಾಕೆ ಮಾಡಿ, ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ 2,000 ಡಿಗ್ರಿಗೂ ಮೀರಿ ಕಾಯಿಸಿ ಕಣಗಳನ್ನು ಬೆಸೆಯುತ್ತಾರೆ. ಆಮೇಲೆ ಬಿಸಿಯಲ್ಲೇ ಬಡಿದು, ಎಳೆದು ಕಡ್ಡಿ, ತಂತಿ ಮಾಡುತ್ತಾರೆ. ನೀವು ತಂದ ಹಸಿರು ತುದಿಯ ಕಡ್ಡಿ ಈ ಎಲ್ಲ ಬೆಂಕಿ ದಾಟಿ ಬಂದದ್ದು. ನಾವು ಅದನ್ನು ಒಂದು ಗಂಟೆಯಲ್ಲಿ ವಾಪಸ್ ದ್ರಾವಣಕ್ಕೆ ಕಳಿಸಿದೆವು.

ಉಳಿದ ದ್ರಾವಣ

ಬಸಿದ ಆಸಿಡ್ ನೀರಿಗೆ ಅಡುಗೆ ಸೋಡವನ್ನು ನೊರೆ ನಿಲ್ಲುವವರೆಗೆ ಸ್ವಲ್ಪ ಸ್ವಲ್ಪ ಹಾಕಿ, ಲಿಟ್ಮಸ್ ನೋಡಿ ತಟಸ್ಥ ಮಾಡಿ. ಆಮೇಲೆ ಹೆಸರು, ತಾರೀಕು ಬರೆದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಲ್ಯಾಬಿನಲ್ಲೇ ಇಡಿ. ಮೈಲುತುತ್ತಿನ ನೀರಿಗೆ ಬೇರೆ ಬಾಟಲಿ. ತೆಂಗಿನ ಬುಡಕ್ಕೆ ಚೆಲ್ಲಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ. ಎಂಡೋಸಲ್ಫಾನ್ ಕೀಟನಾಶಕದ ವಿಷ ಕಂಡ ಜಿಲ್ಲೆಯ ಮಕ್ಕಳಿಗೆ ಇದರ ಕಾರಣ ವಿವರಿಸಬೇಕಾಗಿಲ್ಲ.

ಜಡ್ಜ್‌ಗಳು ಕೇಳುವುದು

ಮೇಜಿನ ಮೇಲೆ ಕಡ್ಡಿ, ಚಮಚ, ಕೋರೆಯ ಬಿಟ್ಟು, ಹಳದಿ ಪುಡಿಯ ಬಾಟಲಿ, ನೀಲಿ ಟೆಸ್ಟ್ ಟ್ಯೂಬ್, ಕರೆಂಟಿನ ಪಟ್ಟಿ ಇಡಿ. ಮೇಳಕ್ಕೆ ಬರುವ ಜಡ್ಜ್‌ಗಳಲ್ಲಿ ಕನ್ನಡ ಬಾರದವರೂ ಇರುತ್ತಾರೆ. ಲೇಬಲ್ಲುಗಳನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆಯಿರಿ, ವಿವರಿಸುವವರಲ್ಲಿ ಒಬ್ಬರು ಮಲಯಾಳ ಚೆನ್ನಾಗಿ ಮಾತಾಡುವವರಿರಲಿ.

"ಲೋಹ ಎಲ್ಲಿ?" ಎಂದು ಮೊದಲು ಕೇಳುತ್ತಾರೆ. ಚಮಚ ಎತ್ತಿ ಅವರ ಕೈಗೆ ಕೊಡಿ, ತೂಕದ ಪಟ್ಟಿ ತೋರಿಸಿ, ಯಾಕಿಲ್ಲ ಎಂದು ವಿವರಿಸಿ. "ಹಾಗಾದರೆ ವೋಲ್ಟೇಜ್ ಹೆಚ್ಚಿಸಿದರೆ?" ಅಂದರೆ ರಿಯೋಸ್ಟಾಟ್ ತಿರುಗಿಸಿ ಗುಳ್ಳೆ ಹೆಚ್ಚುವುದನ್ನು ಅಲ್ಲೇ ತೋರಿಸಿ. "ಇದರಿಂದ ಲಾಭವೇನು?" ಅಂದರೆ ಸವೆದ ಬಿಟ್ಟು ತೋರಿಸಿ: ಜಗತ್ತಿನ ಟಂಗ್‌ಸ್ಟನ್ನಿನ ಬಹುಪಾಲು ಚೀನಾದಿಂದ ಬರುತ್ತದೆ, ಹೀಗಿರುವಾಗ ಗುಜರಿಯಿಂದ ವಾಪಸ್ ತೆಗೆಯುವುದಕ್ಕೆ ಬೆಲೆ ಇದೆ ಎಂದು ಹೇಳಿ. "ಅದಿರನ್ನೇ ಯಾಕೆ ತರಲಿಲ್ಲ?" ಎಂಬ ಪ್ರಶ್ನೆಗೆ, ಅದಿರು ಸೋಡದಲ್ಲಿ ಬೆಂದ ಮೇಲೆ ಸಿಗುವ ದ್ರಾವಣವೂ ಇದೇ ಎಂದು ಹಳದಿ ಬಾಟಲಿಯ ಪಕ್ಕದ ಚಾರ್ಟಿನಲ್ಲಿ ಬೆರಳಿಟ್ಟು ತೋರಿಸಿದರೆ ಸಾಕು.